ಹಳೇ ಹೈಲಕ್ಸ್ ತರಾಕ ಬರ್ತೈತೇನ್ರಿ?

ಮೂರ್ನಾಲ್ಕು ವರ್ಷಗಳಿಂದ ಓದುಗರು ನನ್ನನ್ನು ಬಿಡದೆ ಕೇಳುತ್ತಿರುವ ಪ್ರಶ್ನೆ ಒಂದಿದೆ. ಹುನಗುಂದದ ಕಡೆಯ ರೈತರೊಬ್ಬರ ಮಾತಿನಲ್ಲೇ ಹೇಳುವುದಾದರೆ: "ನಮ್ಮ ಅಣ್ಣ ದುಬೈದಾಗ ಅದಾನ್ರಿ. ಅಲ್ಲಿ ಟೊಯೊಟಾದ ಹಳೇ ಹೈಲಕ್ಸ್ ಡೀಸೆಲ್ ಪಿಕಪ್ ಅಗ್ಗಕ್ಕ ಸಿಗ್ತಾವಂತ. ಹಡಗಿನ್ಯಾಗ ಹಾಕಿ ಕಳಿಸಿದ್ರ ಇಲ್ಲಿ ಪಾಸಿಂಗ್ ಆಗ್ತೈತೇನ್ರಿ?" ಇಳಕಲ್ಲಿನಿಂದ ಕೇಳುವವರು ಗ್ರಾನೈಟ್ ಪಾಲಿಶ್ ಘಟಕಕ್ಕೆ ಗಟ್ಟಿ ಗಾಡಿ ಬೇಕೆನ್ನುತ್ತಾರೆ. ಬಾದಾಮಿಯಿಂದ ಕೇಳುವ ಹುಡುಗರಿಗೆ ಪ್ರವಾಸಿಗರನ್ನು ಕೂರಿಸಿಕೊಂಡು ಗುಡ್ಡದ ಬುಡದವರೆಗೆ ಹೋಗುವ ಫೋರ್ ವೀಲ್ ಡ್ರೈವ್ ಬೇಕು. ಬಾಗಲಕೋಟೆಯ ನವನಗರದ ಎಂಜಿನಿಯರಿಂಗ್ ವಿದ್ಯಾರ್ಥಿಗೆ ಅದೊಂದು ಕನಸು. ಎಲ್ಲರಿಗೂ ಉತ್ತರ ಒಂದೇ. ಬರುವುದಿಲ್ಲ. ಹಳೆಯ ವಿದೇಶಿ ಡೀಸೆಲ್ ಪಿಕಪ್ ತಂದು ಕೆಎ 29 ನಂಬರು ಹಾಕಿಸಿ ರಸ್ತೆಗೆ ಇಳಿಸುವ ಕಾನೂನುಬದ್ಧ ದಾರಿ ಭಾರತದಲ್ಲಿಲ್ಲ. ಆದರೆ ಇಷ್ಟು ಹೇಳಿ ಕೈತೊಳೆದುಕೊಳ್ಳಲು ನನಗೆ ಮನಸ್ಸಿಲ್ಲ. ಕೇಳುವವರ ಆಸೆಯಲ್ಲಿ ತಿರುಳಿದೆ. ಆ ಆಸೆ ತೀರುವ ಜಾಗ ಮಾತ್ರ ಅವರು ನೋಡುತ್ತಿರುವ ಕಡೆ ಇಲ್ಲ.

ಆಸೆಯ ಮೂಲ ನಮ್ಮ ನೆಲದಲ್ಲೇ ಇದೆ. ಮಲಪ್ರಭೆಯ ದಂಡೆಯ ಎರೆಹೊಲಕ್ಕೆ ಒಂದು ಹದ ಮಳೆ ಬಿದ್ದರೆ ಸಾಕು, ಮಣ್ಣು ಗಾಲಿಗೆ ಮೆತ್ತಿ ಮಡ್‌ಗಾರ್ಡಿನವರೆಗೂ ತುಂಬಿಕೊಳ್ಳುತ್ತದೆ. ಉಳ್ಳಾಗಡ್ಡಿ ಚೀಲ ಹೇರಿಕೊಂಡು ಹೊಲದಿಂದ ಡಾಂಬರು ರಸ್ತೆಗೆ ಬರುವ ಆ ಒಂದೆರಡು ಕಿಲೋಮೀಟರು ಗಾಡಿಯ ನಿಜವಾದ ಪರೀಕ್ಷೆ. ಅಂಥ ಕಡೆ ಹೊಸ ಕಾಮನ್ ರೇಲ್ ಗಾಡಿಯ ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಹತ್ತಿ ಇಂಜಿನ್ ಶಕ್ತಿ ಕಳೆದುಕೊಂಡರೆ ರೈತ ಮಾಡುವುದೇನು? ಸ್ಕ್ಯಾನರ್ ಇರುವ ಗ್ಯಾರೇಜು ಬಾಗಲಕೋಟೆಯಲ್ಲೋ ಹುಬ್ಬಳ್ಳಿಯಲ್ಲೋ ಇರುತ್ತದೆ. ಅಲ್ಲಿಯವರೆಗೆ ಗಾಡಿ ಎಳೆಸಿಕೊಂಡು ಹೋಗಬೇಕು. ಸೆನ್ಸರ್ ಬರುವ ತನಕ ಕಾಯಬೇಕು. ಅಷ್ಟರಲ್ಲಿ ಎಪಿಎಂಸಿಯಲ್ಲಿ ದರ ಬಿದ್ದಿರುತ್ತದೆ.

ಹಳೆಯ ಮೆಕ್ಯಾನಿಕಲ್ ಡೀಸೆಲ್ಲಿನ ಕಥೆ ಬೇರೆ. ಇಳಕಲ್ಲಿನ ಹೆದ್ದಾರಿ ಪಕ್ಕದ ಗ್ಯಾರೇಜೊಂದರಲ್ಲಿ ಮಿಸ್ತ್ರಿಯೊಬ್ಬರು ಹಳೆಯ ಗಾಡಿಯ ಏರ್ ತೆಗೆಯುವುದನ್ನು ನಾನು ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತು ನೋಡಿದ್ದೇನೆ. ಡೀಸೆಲ್ ಖಾಲಿಯಾಗಿ ಪೈಪಿನೊಳಗೆ ಗಾಳಿ ಹೊಕ್ಕಿತ್ತು. ಅವರು ಮೊದಲು ಫಿಲ್ಟರಿನ ಮೇಲಿನ ಕೈಪಂಪನ್ನು ಗಟ್ಟಿಯಾಗುವ ತನಕ ಅಂಗೈಯಲ್ಲಿ ಒತ್ತಿದರು. ಆಮೇಲೆ 17ರ ಪಾನಾ ತೆಗೆದುಕೊಂಡು ನಾಲ್ಕೂ ನಾಜಲ್‌ಗಳ ಪೈಪಿನ ನಟ್ಟು ಸಡಿಲಿಸಿದರು. ಹುಡುಗ ಸೆಲ್ಫ್ ಹೊಡೆದ. ಮೊದಲು ಬುರುಬುರು ನೊರೆ ಬಂತು, ನೊರೆ ಹೋಗಿ ಡೀಸೆಲ್ ಚಿಮ್ಮತೊಡಗಿದಂತೆ ಒಂದೊಂದೇ ನಟ್ಟು ಬಿಗಿಯುತ್ತ ಹೋದರು. ಮೂರನೆಯದನ್ನು ಬಿಗಿಯುವಾಗಲೇ ಇಂಜಿನ್ ಒದರಿಕೊಂಡು ಎದ್ದಿತು. ಕಂಪ್ಯೂಟರಿಲ್ಲ, ಕೋಡಿಲ್ಲ. ಒಮ್ಮೆ ಚಾಲೂ ಆದ ಮೇಲೆ ಆ ಇಂಜಿನ್ನಿಗೆ ಬೇಕಾಗುವ ಕರೆಂಟು ಪಂಪಿನ ಮೇಲಿನ ಕಟಾಫ್ ಸೊಲೆನಾಯ್ಡಿಗೆ ಹೋಗುವ ಒಂದು ವೈರಿನದಷ್ಟೇ. ನಮ್ಮ ಜನ ದುಬೈ ಪಿಕಪ್ಪಿನಲ್ಲಿ ಹುಡುಕುತ್ತಿರುವುದು ಈ ಸರಳತೆಯನ್ನು. ಅದನ್ನು ಶೋಕಿ ಅನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ.

ಇನ್ನು ಕಾನೂನು. ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ ಆಮದು ನೀತಿಯ 87ನೇ ಅಧ್ಯಾಯದಲ್ಲಿ ಬಳಸಿದ ವಾಹನಗಳಿಗೆಂದೇ ಷರತ್ತುಗಳಿವೆ. ಗಾಡಿ ತಯಾರಾಗಿ ಮೂರು ವರ್ಷ ಮೀರಿರಬಾರದು. ಸ್ಟೇರಿಂಗು ಬಲಗಡೆ ಇರಬೇಕು. ಹೆಡ್‌ಲೈಟಿನ ಬೆಳಕು ಎಡಬದಿ ಸಂಚಾರಕ್ಕೆ ಹೊಂದುವಂತಿರಬೇಕು, ಸ್ಪೀಡೋಮೀಟರ್ ಕಿಲೋಮೀಟರಿನಲ್ಲಿರಬೇಕು. ಇಳಿಸಬೇಕಾದದ್ದು ಮುಂಬೈ ಬಂದರಿನಲ್ಲಿ ಮಾತ್ರ. ಇಲ್ಲಿಗೆ ಬಂದ ಮೇಲೆ ಕನಿಷ್ಠ ಐದು ವರ್ಷ ರಸ್ತೆಯಲ್ಲಿ ಓಡುವ ಯೋಗ್ಯತೆ ಇದೆಯೆಂದು, ಅಷ್ಟೂ ಕಾಲ ಸರ್ವೀಸ್ ಸೌಲಭ್ಯ ಸಿಗುತ್ತದೆಂದು ತರುವವರೇ ಬರೆದುಕೊಡಬೇಕು. ಪುಣೆಯ ಎಆರ್‌ಎಐನಂಥ ಪರೀಕ್ಷಾ ಸಂಸ್ಥೆಯ ಮುಂದೆ ಗಾಡಿ ನಿಲ್ಲಿಸಬೇಕು. ಇವನ್ನೆಲ್ಲ ದಾಟಿದರೂ ಸುಂಕ ಉಂಟು. ಮೊದಲನೆಯ ಷರತ್ತೊಂದೇ ನಮ್ಮ ಪ್ರಶ್ನೆಯನ್ನು ಮುಗಿಸಿಬಿಡುತ್ತದೆ. ನಮಗೆ ಬೇಕಾಗಿರುವುದು ಇಪ್ಪತ್ತು ಮೂವತ್ತು ವರ್ಷ ಹಿಂದಿನ ಮೆಕ್ಯಾನಿಕಲ್ ಪಂಪಿನ ಗಾಡಿ, ಸರ್ಕಾರ ಒಳಗೆ ಬಿಡುವುದು ಮೂರು ವರ್ಷದೊಳಗಿನದನ್ನು. ಮೂರು ವರ್ಷದೊಳಗಿನ ಗಾಡಿಯಲ್ಲಿ ಮತ್ತದೇ ಸೆನ್ಸರು, ಅದೇ ಸ್ಕ್ಯಾನರು.

"ಮನೆ ಸಾಮಾನಿನ ಜೋಡಿ ತರ್ತೇವ್ರಿ" ಎನ್ನುವವರೂ ಇದ್ದಾರೆ. ಹತ್ತಾರು ವರ್ಷ ಕೊಲ್ಲಿಯಲ್ಲಿ ದುಡಿದು ಊರಿಗೆ ಮರಳುವವರಿಗೆ ಫ್ರಿಜ್, ಟಿವಿ ತರಲು ರಿಯಾಯಿತಿ ಇರುವಂತೆ ಗಾಡಿಗೂ ಇರಬೇಕೆಂದು ಅವರ ಲೆಕ್ಕ. ಆದರೆ 1962ರ ಕಸ್ಟಮ್ಸ್ ಕಾಯ್ದೆ ಎರಡನೆಯ ಸೆಕ್ಷನ್ನಿನಲ್ಲೇ ಪ್ರಯಾಣಿಕರ ಸಾಮಾನು ಎಂದರೇನು ಎಂದು ಹೇಳುವಾಗ ಮೋಟಾರು ವಾಹನವನ್ನು ಅದರಿಂದ ಹೊರಗಿಟ್ಟಿದೆ. ಎಷ್ಟು ವರ್ಷ ದುಡಿದು ಬಂದರೂ ಪಿಕಪ್ಪು ಸಾಮಾನಿನ ಪಟ್ಟಿಗೆ ಸೇರುವುದಿಲ್ಲ. ಇನ್ನೊಂದು ತೊಡಕು ಸ್ಟೇರಿಂಗಿನದು. ದುಬೈ, ಸೌದಿ, ಕುವೈತ್, ಕತಾರ್ ಎಲ್ಲ ಕಡೆ ಗಾಡಿಗಳು ಬಲಬದಿಯಲ್ಲಿ ಓಡುವುದರಿಂದ ಸ್ಟೇರಿಂಗು ಎಡಕ್ಕೆ. ಆದ್ದರಿಂದ ಕೊಲ್ಲಿಯ ರಸ್ತೆಯಲ್ಲಿ ಓಡಿದ ಗಾಡಿ ಹಳೆಯದಿರಲಿ ಹೊಸದಿರಲಿ, ಎರಡನೆಯ ಷರತ್ತಿನಲ್ಲೇ ನಿಂತುಬಿಡುತ್ತದೆ. ಬಲ ಸ್ಟೇರಿಂಗಿನ ಹಳೆಯ ಪಿಕಪ್ಪು ಸಿಗುವುದು ಥಾಯ್ಲೆಂಡ್, ಜಪಾನ್, ಆಸ್ಟ್ರೇಲಿಯಾ, ದಕ್ಷಿಣ ಆಫ್ರಿಕಾ ಕಡೆ.

ಹಾಗಾದರೆ ಯೂಟ್ಯೂಬಿನಲ್ಲಿ ಅಮೆರಿಕದವರು ಜಪಾನಿನಿಂದ ಹಳೆಯ ಡೀಸೆಲ್ ಪಿಕಪ್ ತರಿಸಿಕೊಂಡು ಕುಣಿಯುವುದು ಸುಳ್ಳೇ? ಸುಳ್ಳಲ್ಲ. ಅಲ್ಲಿ ನಿಯಮ ನಮ್ಮದಕ್ಕೆ ತದ್ವಿರುದ್ಧ. ಅಮೆರಿಕದಲ್ಲಿ 1988ರ ಕಾನೂನಿನ ಪ್ರಕಾರ ಗಾಡಿಗೆ 25 ವರ್ಷ ತುಂಬಿದರೆ ಅವರ ಸುರಕ್ಷತಾ ಮಾನದಂಡಗಳಿಂದ ವಿನಾಯಿತಿ. ಕೆನಡಾದಲ್ಲಿ 15 ವರ್ಷ ಸಾಕು. ಅಲ್ಲಿ ಹಳೆಯದಾದಷ್ಟೂ ದಾರಿ ಸಲೀಸು, ಇಲ್ಲಿ ಹಳೆಯದಾದರೆ ಬಾಗಿಲೇ ಮುಚ್ಚಿದೆ. ಅವರಿಗೆ ಆ ಗಾಡಿಗಳ ಹಸಿವು ಹುಟ್ಟಿದ್ದಕ್ಕೆ ಒಂದು ಹಿನ್ನೆಲೆ ಇದೆ. 1960ರ ದಶಕದ ಆರಂಭದಲ್ಲಿ ಯುರೋಪಿನ ದೇಶಗಳು ಅಮೆರಿಕದ ಕೋಳಿಮಾಂಸಕ್ಕೆ ಸುಂಕ ಹೇರಿದವು. ಅದಕ್ಕೆ ಎದುರೇಟಾಗಿ ಅಧ್ಯಕ್ಷ ಜಾನ್ಸನ್ 1963ರ ಡಿಸೆಂಬರಿನಲ್ಲಿ ವಿದೇಶಿ ಹಗುರ ಟ್ರಕ್ಕುಗಳ ಮೇಲೆ ಶೇ 25ರ ಸುಂಕ ಘೋಷಿಸಿದರು. ಕೋಳಿಯ ಜಗಳ ಮುಗಿದು ಎಷ್ಟೋ ಕಾಲವಾಯಿತು, ಟ್ರಕ್ಕಿನ ಸುಂಕ ಉಳಿಯಿತು. ಜಗತ್ತಿನ ಉಳಿದೆಡೆ ಹೊಲಗದ್ದೆಯಲ್ಲಿ ದುಡಿಯುತ್ತಿದ್ದ ಚಿಕ್ಕ ಡೀಸೆಲ್ ಪಿಕಪ್ಪುಗಳಲ್ಲಿ ಹೆಚ್ಚಿನವು ಅಮೆರಿಕದ ಶೋರೂಮಿಗೆ ಬರಲೇ ಇಲ್ಲ. ಸಿಗದ ವಸ್ತುವಿನ ಮೇಲೆ ಮೋಹ ಬೆಳೆಯಿತು. 2003ರಲ್ಲಿ ಬಿಬಿಸಿಯ ಟಾಪ್ ಗೇರ್ ಕಾರ್ಯಕ್ರಮದವರು ಹಳೆಯ ಹೈಲಕ್ಸ್ ಡೀಸೆಲ್ಲೊಂದನ್ನು ಸಮುದ್ರದಲ್ಲಿ ಮುಳುಗಿಸಿ, ಬೆಂಕಿ ಹಚ್ಚಿ, ಕೆಡಹುವ ಕಟ್ಟಡದ ನೆತ್ತಿಯ ಮೇಲೆ ನಿಲ್ಲಿಸಿ ಬೀಳಿಸಿದರೂ ಅದು ಮತ್ತೆ ಚಾಲೂ ಆದದ್ದನ್ನು ತೋರಿಸಿದ ಮೇಲಂತೂ ಆ ಮೋಹ ಹಳ್ಳಿಹಳ್ಳಿಯ ಮೊಬೈಲಿಗೂ ಇಳಿಯಿತು.

ನಮ್ಮ ಮೂರು ವರ್ಷದ ಮಿತಿ ಸರಿಯೇ ಎಂದು ಕೇಳಿದರೆ, ಮೂಲ ಉದ್ದೇಶದಲ್ಲಿ ಸರಿ ಎಂದೇ ಹೇಳುತ್ತೇನೆ. ಜಪಾನಿನಲ್ಲಿ ಗಾಡಿ ಹಳೆಯದಾದಂತೆ ತಪಾಸಣೆಯ ಖರ್ಚು ಏರುತ್ತದೆ, ಆದ್ದರಿಂದ ಅವರು ಚೆನ್ನಾಗಿರುವಾಗಲೇ ಮಾರಿ ಕೈತೊಳೆದುಕೊಳ್ಳುತ್ತಾರೆ. ಆ ಗಾಡಿಗಳು ಆಫ್ರಿಕಾದ ದೇಶಗಳಿಗೆ ಹಡಗುಗಟ್ಟಲೆ ಹೋಗುತ್ತವೆ. ಬಾಗಿಲು ತೆರೆದರೆ ಮುಂಬೈಗೂ ಬರುತ್ತವೆ. ಧಾರವಾಡ, ಬಿಡದಿ, ಪುಣೆ, ಜಹೀರಾಬಾದಿನ ಕಾರ್ಖಾನೆಗಳಲ್ಲಿ ನಮ್ಮ ಹುಡುಗರು ದುಡಿಯುತ್ತಿದ್ದಾರೆ, ಅವರ ಕೆಲಸಕ್ಕೆ ಕುತ್ತು ಬರುತ್ತದೆ. ಬೇರೆಯವರು ಬಿಸಾಕಿದ ಹೊಗೆಯನ್ನೂ ನಾವು ನುಂಗಬೇಕಾಗುತ್ತದೆ. 2020ರ ಏಪ್ರಿಲ್ 1ರಿಂದ ದೇಶದಲ್ಲಿ ಮಾರುವ ಹೊಸ ಗಾಡಿಗೆ ಬಿಎಸ್ 6 ಹೊಗೆ ಮಾನದಂಡ ಕಡ್ಡಾಯ ಮಾಡಿ ರೈತನಿಂದ ಹೆಚ್ಚು ಬೆಲೆ ವಸೂಲಿ ಮಾಡಿದ ಸರ್ಕಾರ, ಹೊರಗಿನ ಹಳೆಯ ಡೀಸೆಲ್ಲಿಗೆ ಬಾಗಿಲು ತೆರೆದರೆ ಅದು ನ್ಯಾಯವಾಗುವುದಿಲ್ಲ.

"ಹಂಗಾರ ಬಾದಾಮ್ಯಾಗ ಫಾರಿನ್ ನಂಬರಿನ ಗಾಡಿ ಬರ್ತಾವಲ್ರೀ, ಅವು ಹ್ಯಾಂಗ?" ಎಂಬ ಪ್ರಶ್ನೆ ಇದ್ದೇ ಇದೆ. ನಿಜ, ಬರುತ್ತವೆ. ಚಳಿಗಾಲದಲ್ಲಿ ಗೋವಾದಿಂದ ಹಂಪಿಗೆ ಹೋಗುವ ಯುರೋಪಿನ ಪ್ರವಾಸಿಗರಲ್ಲಿ ಕೆಲವರು ತಮ್ಮದೇ ಗಾಡಿಯಲ್ಲಿ ಭೂಮಾರ್ಗವಾಗಿ ಬಂದವರು. ಒಮ್ಮೆ ಬಾದಾಮಿಯ ಗುಹಾಂತರ ದೇವಾಲಯದ ಬಳಿ ಹಾಗೆ ಬಂದ ಎಡ ಸ್ಟೇರಿಂಗಿನ ಹಳೆಯ ಟೊಯೊಟಾ ಪಿಕಪ್ಪೊಂದು ನಿಂತಿತ್ತು. ಹಿಂದೆ ಮಲಗುವ ಪೆಟ್ಟಿಗೆ, ಮೇಲೆ ನೀರಿನ ಕ್ಯಾನು, ಬಾಗಿಲ ತುಂಬ ದೇಶದೇಶದ ಸ್ಟಿಕ್ಕರು. ಹುಡುಗರು ಸುತ್ತ ನಿಂತು ಮುಟ್ಟಿ ಮುಟ್ಟಿ ನೋಡುತ್ತಿದ್ದರು. ಕಾಗದಪತ್ರ ಕೇಳಿದಾಗ ಗಾಡಿಯವರು ಖುಷಿಯಿಂದಲೇ ಉದ್ದನೆಯ ಪುಸ್ತಕವೊಂದನ್ನು ತೆರೆದು ತೋರಿಸಿದರು. ಅದಕ್ಕೆ ಕಾರ್ನೆ ಎನ್ನುತ್ತಾರೆ. ಪ್ರತಿ ಹಾಳೆಯಲ್ಲೂ ಮೂರು ಭಾಗ. ದೇಶದೊಳಗೆ ಬರುವಾಗ ಒಂದನ್ನು ಕಸ್ಟಮ್ಸಿನವರು ಹರಿದುಕೊಳ್ಳುತ್ತಾರೆ, ಹೊರಗೆ ಹೋಗುವಾಗ ಇನ್ನೊಂದನ್ನು. ಎರಡೂ ಮೊಹರು ಬಿದ್ದ ಮೂರನೆಯ ಭಾಗ ಪುಸ್ತಕದಲ್ಲೇ ಉಳಿಯುತ್ತದೆ. ಗಾಡಿ ಹೊರಗೆ ಹೋಗದಿದ್ದರೆ ಪೂರ್ತಿ ಸುಂಕ ಕಟ್ಟುವ ಜವಾಬ್ದಾರಿ ಆ ಪುಸ್ತಕ ಕೊಟ್ಟ ಅವರ ದೇಶದ ಆಟೊಮೊಬೈಲ್ ಕ್ಲಬ್ಬಿನದು, ಅದಕ್ಕೆಂದೇ ಕ್ಲಬ್ಬು ಮಾಲೀಕರಿಂದ ಮುಂಗಡ ಭದ್ರತೆ ಇಟ್ಟುಕೊಂಡಿರುತ್ತದೆ. ಇಲ್ಲಿ ಇರಬಹುದಾದದ್ದು ಆರು ತಿಂಗಳು. ಮಾರುವಂತಿಲ್ಲ, ಕೊಳ್ಳುವಂತಿಲ್ಲ. ಅಂಥವರ ಗಾಡಿಯನ್ನು ಕೊಂಡುಬಿಡೋಣ ಎಂದು ಯಾರಾದರೂ ಮಧ್ಯಸ್ಥಿಕೆಗೆ ಬಂದರೆ ಅಲ್ಲಿಂದಲೇ ಎದ್ದುಬಿಡಿ. ಅಂದಹಾಗೆ, ಎಡ ಸ್ಟೇರಿಂಗನ್ನು ರಸ್ತೆಯ ಕಾನೂನು ಪೂರ್ತಿ ನಿಷೇಧಿಸಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 120ನೇ ಸೆಕ್ಷನ್ನು, ಗೊತ್ತುಪಡಿಸಿದ ಸಿಗ್ನಲ್ ಸಾಧನ ಇದ್ದರೆ ಓಡಿಸಬಹುದೆನ್ನುತ್ತದೆ. ವಿದೇಶಿ ಗಾಡಿ ತರಿಸಿಕೊಡುತ್ತೇವೆನ್ನುವ ಏಜೆಂಟರು ಜನರಿಗೆ ತೋರಿಸುವುದು ಇದೇ ಸೆಕ್ಷನ್ನನ್ನು. ಓಡಿಸುವ ಕಾನೂನು ಬೇರೆ, ಆಮದಿನ ಕಾನೂನು ಬೇರೆ ಎಂಬುದನ್ನು ಅವರು ಹೇಳುವುದಿಲ್ಲ.

ಅಡ್ಡದಾರಿಗಳ ಬಗ್ಗೆ ಸ್ವಲ್ಪ ಕಟುವಾಗಿಯೇ ಹೇಳಬೇಕು. 2025ರ ಸೆಪ್ಟೆಂಬರಿನಲ್ಲಿ ಕೊಚ್ಚಿಯ ಕಸ್ಟಮ್ಸ್ ಅಧಿಕಾರಿಗಳು ಆಪರೇಷನ್ ನುಮ್‌ಖೋರ್ ಹೆಸರಿನಲ್ಲಿ ಕೇರಳದ ಹಲವೆಡೆ, ಸಿನಿಮಾ ನಟರ ಮನೆಗಳೂ ಸೇರಿ, ಶೋಧ ನಡೆಸಿದರು. ಭೂತಾನಿನಿಂದ ಹಳೆಯ ಲ್ಯಾಂಡ್ ಕ್ರೂಸರಿನಂಥ ಗಾಡಿಗಳನ್ನು ಗಡಿ ದಾಟಿಸಿ, ಖೊಟ್ಟಿ ಕಾಗದಗಳ ಮೇಲೆ ಬೇರೆ ರಾಜ್ಯಗಳಲ್ಲಿ ನೋಂದಣಿ ಮಾಡಿಸಿ ಮಾರಲಾಗಿದೆ ಎಂಬುದು ಕಸ್ಟಮ್ಸ್ ಹೇಳಿದ ಮಾತು. ಕೊಂಡವರ ಅಂಗಳದಿಂದಲೇ ಗಾಡಿಗಳನ್ನು ಒಯ್ದರು. ಇದರಿಂದ ನಮ್ಮವರು ತಿಳಿಯಬೇಕಾದದ್ದು ಇಷ್ಟು: ಪರಿವಾಹನ್ ಆ್ಯಪಿನಲ್ಲಿ ಹೆಸರು ಕಂಡಮಾತ್ರಕ್ಕೆ ಗಾಡಿ ಸಾಚಾ ಅಲ್ಲ. ವಿದೇಶಿ ಗಾಡಿಯಾದರೆ ಅದು ಯಾವ ಬಂದರಿನಲ್ಲಿ ಇಳಿಯಿತು, ಸುಂಕ ಕಟ್ಟಿದ ಬಿಲ್ ಆಫ್ ಎಂಟ್ರಿ ಎಲ್ಲಿ ಎಂದು ಕೇಳಬೇಕು. ಅದಿಲ್ಲದಿದ್ದರೆ ಕಳ್ಳಮಾಲಿಗೆ ಹಣ ಕೊಟ್ಟಂತೆ. ಗಾಡಿಯನ್ನು ಅರ್ಧ ಕತ್ತರಿಸಿ ಬಿಡಿಭಾಗವೆಂದು ತರಿಸುವ ಮಾತೂ ಕೇಳಿಬರುತ್ತದೆ. ಬಳಸಿದ ಬಿಡಿಭಾಗಗಳ ಆಮದಿಗೂ ಪರವಾನಗಿ ಬೇಕು. ಆ ಇಂಜಿನ್ನನ್ನು ನಮ್ಮ ಬೊಲೆರೊಗೆ ಕೂಡಿಸಿದರೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ನು ಅಡ್ಡ ಬರುತ್ತದೆ. ಕಂಪನಿಯ ಮೂಲ ವಿನ್ಯಾಸ ಬದಲಿಸಿದ ಗಾಡಿಗೆ ನೋಂದಣಿಯಿಲ್ಲ ಎಂದು ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಖಡಕ್ಕಾಗಿ ಹೇಳಿದೆ. ಉಳಿದದ್ದು ವಿಂಟೇಜ್ ದಾರಿ. 2021ರ ನಿಯಮದಲ್ಲಿ 50 ವರ್ಷ ದಾಟಿದ ಗಾಡಿಗೆ ಪ್ರತ್ಯೇಕ ನೋಂದಣಿ ಸಿಗುತ್ತದೆ. ಆದರೆ ಅದು ಬೈಕು ಮತ್ತು ಪ್ರಯಾಣಿಕರ ಗಾಡಿಗಳಿಗೆ ಮಾತ್ರ, ಅದೂ ಪ್ರದರ್ಶನ ಮತ್ತು ರ್‍ಯಾಲಿಗೆ. ಉಳ್ಳಾಗಡ್ಡಿ ಹೇರುವಂತಿಲ್ಲ.

ಈಗ ನಾನು ನಿಜವಾಗಿ ಹೇಳಬೇಕೆಂದಿರುವ ಮಾತಿಗೆ ಬರುತ್ತೇನೆ. ಹೊರದೇಶದ ಡೀಸೆಲ್ ಗಾಡಿ ನಮ್ಮ ನೆಲದಲ್ಲಿ ಬಾಳುತ್ತದೆಯೇ ಎಂಬ ಪರೀಕ್ಷೆ ಒಮ್ಮೆ ನಡೆದುಹೋಗಿದೆ. 1980ರ ದಶಕದ ಮಧ್ಯದಲ್ಲಿ ಜಪಾನಿನ ನಾಲ್ಕು ಕಂಪನಿಗಳು ಭಾರತದ ಪಾಲುದಾರರ ಜೊತೆ ಸೇರಿ ಚಿಕ್ಕ ಟ್ರಕ್ಕುಗಳನ್ನು ತಂದವು. ಪಂಜಾಬಿನಲ್ಲಿ ಸ್ವರಾಜ್ ಮಜ್ದಾ, ಮಧ್ಯಪ್ರದೇಶದ ಪೀಥಂಪುರದಲ್ಲಿ ಐಷರ್ ಮಿತ್ಸುಬಿಷಿ, ಉತ್ತರಪ್ರದೇಶದ ಸೂರಜ್‌ಪುರದಲ್ಲಿ ಡಿಸಿಎಂ ಟೊಯೊಟಾ, ನಮ್ಮ ಬೀದರಿನ ಪಕ್ಕದ ಜಹೀರಾಬಾದಿನಲ್ಲಿ ಆಲ್ವಿನ್ ನಿಸ್ಸಾನ್. ನೋಡಲು ಚೆಂದ, ಓಡಿಸಲು ಹಗುರ, ಕ್ಯಾಬಿನ್ನಿನಲ್ಲಿ ಸದ್ದು ಕಡಿಮೆ. ನಮ್ಮ ಟ್ರಕ್ಕುಗಳ ಕಲ್ಲಿನಂಥ ಸ್ಟೇರಿಂಗು ಹಿಡಿದು ತೋಳು ನೋಯಿಸಿಕೊಂಡಿದ್ದ ಡ್ರೈವರುಗಳಿಗೆ ಅವು ಬೇರೆ ಲೋಕದ ಗಾಡಿಗಳಾಗಿ ಕಂಡವು.

ಆಮೇಲೆ ಆದದ್ದೇನು? 1985ರ ಪ್ಲಾಜಾ ಒಪ್ಪಂದದ ನಂತರ ಜಪಾನಿನ ಯೆನ್ ಬೆಲೆ ಏರತೊಡಗಿತು. ಜಪಾನಿನಿಂದ ಬರುತ್ತಿದ್ದ ಬಿಡಿಭಾಗದ ಪೆಟ್ಟಿಗೆಗಳು ದುಬಾರಿಯಾದವು. ಅದೇ ಹೊತ್ತಿಗೆ, 1986ರಲ್ಲಿ, ಟಾಟಾದವರು ತಮ್ಮದೇ ವಿನ್ಯಾಸದ 407 ಬಿಟ್ಟರು. ಅದು ಜಪಾನಿನವುಗಳಷ್ಟು ನಾಜೂಕಿನದಲ್ಲ. ಆದರೆ ಅದರ ಪಾಟಾ, ಕ್ಲಚ್ ಪ್ಲೇಟು, ಬ್ರೇಕ್ ಲೈನರು ತಾಲ್ಲೂಕು ಊರಿನ ಅಂಗಡಿಯಲ್ಲೂ ಸಿಕ್ಕವು, ಅದನ್ನು ಬಿಚ್ಚಿ ಕೂಡಿಸಬಲ್ಲ ಮಿಸ್ತ್ರಿ ಪ್ರತಿ ಬಸ್ ಸ್ಟ್ಯಾಂಡಿನ ಹಿಂದೆ ಇದ್ದ. ಕೆಲವೇ ವರ್ಷಗಳಲ್ಲಿ ಮಾರುಕಟ್ಟೆ 407ರ ಕೈಗೆ ಬಂತು. ಡಿಸಿಎಂ ಟೊಯೊಟಾ 1990ರ ದಶಕದಲ್ಲಿ ದೇವೂ ಕೈ ಸೇರಿ ಆ ಹೆಸರೇ ಅಳಿಯಿತು. ಆಲ್ವಿನ್ ನಿಸ್ಸಾನ್ ಮಹೀಂದ್ರದೊಳಗೆ ಕರಗಿತು. ಐಷರ್ ಮತ್ತು ಸ್ವರಾಜ್ ಮಾತ್ರ ಉಳಿದವು, ಉಳಿದದ್ದೂ ಬಿಡಿಭಾಗಗಳನ್ನು ಇಲ್ಲಿಯೇ ಮಾಡಿಸಿಕೊಂಡು. ಟೊಯೊಟಾ, ನಿಸ್ಸಾನ್ ಅಂಥ ಹೆಸರುಗಳು, ಕಾರ್ಖಾನೆ ಮತ್ತು ಡೀಲರುಗಳ ಬೆಂಬಲವಿದ್ದೂ ಬಿಡಿಭಾಗದ ಕೊರತೆಯಲ್ಲಿ ಸೋತಿರುವಾಗ, ಒಂದೇ ಒಂದು ಹಳೆಯ ಹೈಲಕ್ಸನ್ನು ಹುನಗುಂದಕ್ಕೆ ತಂದವರ ಗತಿಯೇನು? ಗೇರ್ ಬಾಕ್ಸಿನ ಸಿಂಕ್ರೊ ರಿಂಗೊಂದು ಹೋದರೆ ಬ್ಯಾಂಕಾಕಿನಿಂದ ತರಿಸಬೇಕು. ಆಮದಿನ ಬಾಗಿಲು ನಾಳೆ ತೆರೆದರೂ ನಾನು ಇದೇ ಮಾತನ್ನು ಹೇಳುತ್ತೇನೆ. ಗಾಡಿಯ ಬಾಳಿಕೆ ಇರುವುದು ಅದರ ಸುತ್ತ ಇರುವ ಅಂಗಡಿ ಮತ್ತು ಕೈಗಳಲ್ಲಿ.

ಹಳೆಯ ಹೈಲಕ್ಸಿನ ಇಂಜಿನ್ನೇ ಬೇಕೆನ್ನುವವರಿಗೆ ಒಂದು ಸಂತೋಷದ ಸುದ್ದಿಯನ್ನೂ ಕೊಡುತ್ತೇನೆ. ಅದು ನಮ್ಮ ಜಿಲ್ಲೆಯಲ್ಲೇ ಓಡಾಡುತ್ತಿದೆ. 2000ದ ಜನವರಿಯಲ್ಲಿ ಬಿಡದಿಯ ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೆಯಿಂದ ಬಂದ ಕ್ವಾಲಿಸ್ ಇಂಡೋನೇಷ್ಯಾದ ಕಿಜಾಂಗ್ ಎಂಬ ಗಾಡಿಯ ಮೂರನೆಯ ತಲೆಮಾರು. ಕಿಜಾಂಗ್ 1977ರಲ್ಲಿ ಹುಟ್ಟಿದ್ದೇ ರೈತರ, ಸಣ್ಣ ವ್ಯಾಪಾರಿಗಳ ಪಿಕಪ್ಪಾಗಿ. ಮೂರನೆಯ ತಲೆಮಾರು ಅಲ್ಲಿ ಬಂದದ್ದು 1986ರಲ್ಲಿ. ಅಂದರೆ ಕಂಪನಿಯೇ ಹಳೆಯ ವಿದೇಶಿ ಗಾಡಿಯನ್ನು ಕಾನೂನುಬದ್ಧವಾಗಿ ಕರ್ನಾಟಕಕ್ಕೆ ತಂದಿತು. ಅದರೊಳಗಿನ 2,446 ಸಿಸಿ ಡೀಸೆಲ್ ಇಂಜಿನ್ನಿಗೆ ಟೊಯೊಟಾ ಇಟ್ಟ ಹೆಸರು 2ಎಲ್. ಹಳೆಯ ಹೈಲಕ್ಸುಗಳಲ್ಲಿ ಇದ್ದದ್ದೂ ಅದೇ ಇಂಜಿನ್. ಮೆಕ್ಯಾನಿಕಲ್ ಪಂಪು, 75 ಅಶ್ವಶಕ್ತಿ, ಗಟ್ಟಿ ಚಾಸಿ, ಹಿಂದೆ ಪಾಟಾ. ಹೊಸತಿದ್ದಾಗ ಬೆಂಗಳೂರಿನ ಪತ್ರಕರ್ತರು ಇದರ ರೂಪ ಹಳತೆಂದು ಮೂಗು ಮುರಿದರು. ಜನ ಕೇಳಲಿಲ್ಲ. 2005ರಲ್ಲಿ ಇನ್ನೋವಾಗೆ ಜಾಗ ಬಿಡಲೆಂದು ಕಂಪನಿ ಅದನ್ನು ನಿಲ್ಲಿಸಿದಾಗ ಟ್ಯಾಕ್ಸಿಯವರು ಮರುಗಿದರು. ಅದು ಪಿಕಪ್ಪಲ್ಲ ಎನ್ನುವುದು ಸರಿ. ಆದರೆ ನಾನು ಮೊದಲು ಹೇಳಿದ 17ರ ಪಾನಾದ ರಿಪೇರಿ ಕ್ವಾಲಿಸಿನದೇ.

ನಿಜವಾದ ಪಿಕಪ್ಪೇ ಬೇಕೆಂದರೆ 1988ರಲ್ಲಿ ಬಂದ ಟಾಟಾಮೊಬೈಲ್ 206 ಮತ್ತು ಅದರ ನಂತರದ 207, ಪ್ಯೂಜೊ ಪರವಾನಗಿಯ ಇಂಜಿನ್ ಹೊತ್ತ ಹಳೆಯ ಮಹೀಂದ್ರಗಳು, ಮರ್ಸಿಡಿಸ್ಸಿನ ಒಎಂ 616 ಇಂಜಿನ್ನಿನ ಬಜಾಜ್ ಟೆಂಪೊ ಗಾಡಿಗಳು ಇವೆ. ಕುಲಗೋತ್ರ ಕೆದಕಿದರೆ ಕೊನೆಯ ಎರಡು ವಿದೇಶಿ ಡೀಸೆಲ್ಲುಗಳೇ. ನಾಲ್ಕು ದಶಕ ನಮ್ಮ ಮಿಸ್ತ್ರಿಗಳ ಕೈಯಲ್ಲಿ ಪಳಗಿ ಅವು ಊರಿನವಾಗಿವೆ. ಹೊಸ ಹೈಲಕ್ಸ್ 2022ರ ಮಾರ್ಚಿನಿಂದ ಬಿಡದಿಯಲ್ಲೇ ಸಿದ್ಧವಾಗಿ ಮಾರಾಟಕ್ಕೆ ಬಂತು, ಆರಂಭದ ಎಕ್ಸ್ ಶೋರೂಮ್ ಬೆಲೆಯೇ 33.99 ಲಕ್ಷ ರೂಪಾಯಿ. ಅಷ್ಟು ಹಣಕ್ಕೆ ನಮ್ಮ ಕಡೆ ಟ್ರ್ಯಾಕ್ಟರು, ಟ್ರೇಲರು, ಬೊಲೆರೊ ಪಿಕಪ್ಪು ಮೂರೂ ಬಂದು ಇನ್ನೂ ಉಳಿಯುತ್ತದೆ. ಅದು ರೈತನ ಗಾಡಿ ಅಲ್ಲ ಎಂದರೆ ತಪ್ಪಲ್ಲ.

ಹಳೆಯದನ್ನು ಕೊಳ್ಳುವಾಗ ಎರಡು ಕಡೆಯಿಂದ ಬರುವ ಗಾಡಿಗಳ ಬಗ್ಗೆ ಎಚ್ಚರ ಬೇಕು. ಒಂದು ದೆಹಲಿ. 10 ವರ್ಷ ಮೀರಿದ ಡೀಸೆಲ್ ಗಾಡಿಗಳನ್ನು ಅಲ್ಲಿ ಓಡಿಸಬಾರದೆಂದು ಹಸಿರು ನ್ಯಾಯಮಂಡಳಿ 2015ರಲ್ಲಿ ಹೇಳಿತು, 2018ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಅಂದಿನಿಂದ ಅಲ್ಲಿಯ ಗಾಡಿಗಳು ಅಗ್ಗವಾಗಿ ದಕ್ಷಿಣಕ್ಕೆ ಇಳಿದಿವೆ. ಇವನ್ನು ತರುವುದು ಕಾನೂನುಬದ್ಧ. ಆದರೆ ಅಲ್ಲಿಯ ಎನ್‌ಒಸಿ ಮೊದಲು ಕೈಗೆ ಬರಬೇಕು, ಇಲ್ಲಿ ತೆರಿಗೆ ಕಟ್ಟಬೇಕು, 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ನಂಬರು ಬದಲಿಸಲೇಬೇಕು. ಇವನ್ನು ಕೂಡಿಸಿ ನೋಡಿದರೆ ಅಗ್ಗದ ಗಾಡಿ ಅಷ್ಟೇನೂ ಅಗ್ಗವಲ್ಲ. ಇನ್ನೊಂದು ನಮ್ಮದೇ ನದಿ. 2019ರ ಆಗಸ್ಟಿನ ನೆರೆಯಲ್ಲಿ ಮಲಪ್ರಭಾ, ಘಟಪ್ರಭಾ ದಂಡೆಯ ಊರುಗಳಲ್ಲಿ ನೀರು ಕುಡಿದ ಗಾಡಿಗಳು ಇಂದಿಗೂ ಕೈ ಬದಲಾಯಿಸುತ್ತಿವೆ. ಸೀಟು ಎತ್ತಿ ಕೆಳಗಿನ ಮೂಲೆಯಲ್ಲಿ ಬೆರಳಾಡಿಸಿ ನೋಡಿ. ನುಣ್ಣನೆಯ ಒಣಕೆಸರು ಸಿಕ್ಕರೆ ಮಾತು ಅಲ್ಲಿಗೇ ಬಿಡಿ.

ಗಾಡಿ ನೋಡಲು ಬೆಳಿಗ್ಗೆ ಬರುತ್ತೇವೆ, ಮೊದಲೇ ಚಾಲೂ ಮಾಡಿ ಇಡಬೇಡಿ ಎಂದು ಮಾಲೀಕರಿಗೆ ಹೇಳಿ ಹೋಗಿ. ಡೀಸೆಲ್ಲಿನ ಸತ್ಯ ತಿಳಿಯುವುದು ತಣ್ಣಗಿದ್ದಾಗಲೇ. ಹೀಟರ್ ಪ್ಲಗ್ಗಿಗೆ ಕೊಡಬೇಕಾದ ಸಮಯ ಕೊಟ್ಟ ಮೇಲೂ ಸೆಲ್ಫ್ ಉದ್ದಕ್ಕೆ ಎಳೆದರೆ, ಬಿಳಿಹೊಗೆ ನಿಲ್ಲದೇ ಹೋದರೆ ಕಂಪ್ರೆಷನ್ ಹೋಗಿದೆಯೆಂದು ಅನುಮಾನಿಸಿ. ರೇಡಿಯೇಟರ್ ಮುಚ್ಚಳದ ಒಳಬದಿಯಲ್ಲಿ ಎಣ್ಣೆಯ ಜಿಡ್ಡು ಇದ್ದರೆ ಹೆಡ್ಡಿನ ಕೆಲಸ ಕಾದಿದೆ. ಕ್ವಾಲಿಸಿನ ಇಂಜಿನ್ನಿನಲ್ಲಿ ಟೈಮಿಂಗ್ ಬೆಲ್ಟ್ ಇದೆ, ಸರಪಳಿ ಅಲ್ಲ. ಸುಮಾರು ಲಕ್ಷ ಕಿಲೋಮೀಟರಿಗೊಮ್ಮೆ ಬದಲಿಸಬೇಕಾದದ್ದನ್ನು ಬದಲಿಸಿದ್ದಾರೋ ಇಲ್ಲವೋ ಕೇಳಿ. ಓಡುವಾಗ ಅದು ಹರಿದರೆ ವಾಲ್ವು ಪಿಸ್ಟನ್ನಿಗೆ ಬಡಿದು ಇಡೀ ಹೆಡ್ಡು ಹಾಳಾಗುತ್ತದೆ. ಚಾಸಿಯ ಮೇಲೆ ಕೊರೆದ ನಂಬರನ್ನು ಸೀಮೆಎಣ್ಣೆಯಲ್ಲಿ ಒರೆಸಿ ಆರ್‌ಸಿಯೊಂದಿಗೆ ಅಕ್ಷರ ಅಕ್ಷರ ಹೋಲಿಸಿ, ಸುತ್ತ ವೆಲ್ಡಿಂಗಿನ ಗುರುತು ಕಂಡರೆ ಬೇಡ.

ಸರ್ಕಾರಕ್ಕೂ ಒಂದು ಮಾತಿದೆ. ಖಾಸಗಿ ಕಾರಿನಂಥ ಹಗುರ ಗಾಡಿಗೆ 15 ವರ್ಷ ದಾಟಿದ ಮೇಲೆ ಆರ್‌ಸಿ ನವೀಕರಣದ ಶುಲ್ಕವನ್ನು 2022ರ ಏಪ್ರಿಲಿನಿಂದ 5,000 ರೂಪಾಯಿ ಮಾಡಿದರು, 2025ರಲ್ಲಿ 20 ವರ್ಷ ದಾಟಿದವಕ್ಕೆ 10,000 ಮಾಡಿದರು. ಹೊಗೆ, ಬ್ರೇಕು, ಚಾಸಿ ನೋಡಿ ಗಾಡಿ ಚೆನ್ನಾಗಿದ್ದರೂ ವಯಸ್ಸಿಗೆ ದಂಡ ಹಾಕುವುದು ಸರಿಯಲ್ಲ. ಒಪ್ಪವಾಗಿ ಇಟ್ಟುಕೊಂಡ ಗಾಡಿಗೂ ಕರಿಹೊಗೆ ಕಾರುವ ಗಾಡಿಗೂ ಒಂದೇ ಶುಲ್ಕ ಎಂದಮೇಲೆ ಒಪ್ಪವಾಗಿ ಇಡುವವರಿಗೆ ಸಿಗುವುದೇನು? ತಪಾಸಣೆ ಕಟ್ಟುನಿಟ್ಟಾಗಲಿ, ಅದರಲ್ಲಿ ಪಾಸಾದವರಿಂದ ಸಾಧಾರಣ ಶುಲ್ಕ ತೆಗೆದುಕೊಳ್ಳಲಿ. ಹೊರಗಿನ ಹಳೆಯ ಗಾಡಿಗೆ ಬಾಗಿಲು ಮುಚ್ಚಿದ್ದು ನ್ಯಾಯವಾದರೆ, ಒಳಗಿರುವ ಹಳೆಯ ಗಾಡಿಯನ್ನು ಚೆನ್ನಾಗಿ ಇಟ್ಟುಕೊಂಡ ರೈತನನ್ನು ಗುಜರಿಯ ಕಡೆಗೆ ದೂಡದಿರುವುದೂ ನ್ಯಾಯವೇ.

ಅಲ್ಲಿಯವರೆಗೆ, ನಿಮ್ಮ ಹಿತ್ತಲಲ್ಲೋ ದೊಡ್ಡಪ್ಪನ ತೋಟದಲ್ಲೋ ತಾಡಪತ್ರಿ ಹೊದ್ದು ನಿಂತ 207 ಇದ್ದರೆ, ಕ್ವಾಲಿಸ್ ಇದ್ದರೆ, ಗುಜರಿಯವರನ್ನು ಕರೆಯುವ ಮುನ್ನ ಆರ್‌ಸಿ ತೆಗೆದು ತಾರೀಖು ನೋಡಿ. ಬಿಳಿ ಬೋರ್ಡಿನ ಖಾಸಗಿ ಗಾಡಿಯಾದರೆ ಅವಧಿ ಮುಗಿಯುವ ಮುಂಚಿನ 60 ದಿನಗಳಲ್ಲಿ ನವೀಕರಣಕ್ಕೆ ಅರ್ಜಿ ಹಾಕಬಹುದು, ನವೀಕರಣವಾದರೆ ಐದು ವರ್ಷ ಸಿಗುತ್ತದೆ. ಹಳದಿ ಬೋರ್ಡಿನ ಸರಕು ಗಾಡಿಗೆ ಎಂಟು ವರ್ಷದ ನಂತರ ಪ್ರತಿ ವರ್ಷವೂ ಫಿಟ್‌ನೆಸ್ ಮಾಡಿಸಬೇಕು. ಅರ್ಜಿ ಹಾಕುವ ಮೊದಲು ಮಿಸ್ತ್ರಿಯ ಹತ್ತಿರ ಒಯ್ದು ನಾಜಲ್ ಪರೀಕ್ಷೆ ಮಾಡಿಸಿ, ಪಂಪು ಕ್ಯಾಲಿಬ್ರೇಷನ್ ಮಾಡಿಸಿ. ಹೊಗೆ ತಪಾಸಣೆಯಲ್ಲಿ ಹಳೆಯ ಡೀಸೆಲ್ಲುಗಳು ಹೆಚ್ಚಾಗಿ ಫೇಲಾಗುವುದು ಈ ಎರಡರಿಂದಲೇ.